ಬಾವುಟ ತಲೆಗೊಂದೇ, ಉಳಿದದ್ದೆಲ್ಲ ಮೂರು ಬಣ್ಣದ ಕೈಕೆಲಸ

ಪ್ರಶ್ನೆ: ನಾವು ಶಿವಮೊಗ್ಗದ ಒಂದು ಬಡಾವಣೆಯವರು. ಆಗಸ್ಟ್ 15ರ ಬೆಳಗ್ಗೆ ನಮ್ಮ ಬೀದಿಯಲ್ಲೇ ಬಾವುಟ ಹಾರಿಸುತ್ತೇವೆ. 4ರಿಂದ 11 ವರ್ಷದೊಳಗಿನ ಹನ್ನೆರಡು ಮಕ್ಕಳಿದ್ದಾರೆ. ಅಂಗಡಿಯಿಂದ ತರುವ ಬದಲು ಅವರ ಕೈಯಲ್ಲೇ ಮಾಡಿಸೋಣವೆಂದು ಕಳೆದ ವರ್ಷ ಕ್ರೇಪ್ ಪೇಪರು, ಸ್ಕೆಚ್ ಪೆನ್ನು ಕೊಟ್ಟೆವು. ನಾಲ್ಕು ಹನಿ ಮಳೆ ಬಿದ್ದದ್ದೇ ಬಣ್ಣವೆಲ್ಲ ಇಳಿದು ಬಿಳಿ ಅಂಗಿಗಳಿಗೆ ಹತ್ತಿತು. ಸಂಜೆ ನೋಡಿದರೆ ಚರಂಡಿಯ ಪಕ್ಕದಲ್ಲಿ ಕಾಗದದ ಬಾವುಟಗಳು ಬಿದ್ದಿದ್ದವು, ತುಂಬಾ ನೋವಾಯಿತು. ಎರಡು ಸಂಜೆಯಲ್ಲಿ ಮುಗಿಯುವಂಥ, ಮಳೆಗೆ ಸ್ವಲ್ಪವಾದರೂ ತಡೆಯುವಂಥ ಕೈಕೆಲಸ ಯಾವುದಿದೆ? ಚಿಕ್ಕವರಿಗೂ ದೊಡ್ಡವರಿಗೂ ಒಂದೇ ಸಾಮಾನು ಸಾಕೇ?

ಉತ್ತರ: ಬಣ್ಣ ಇಳಿದದ್ದು ಸಾಮಾನಿನ ತಪ್ಪು, ಅದನ್ನು ಸರಿಪಡಿಸುವುದು ಸುಲಭ. ಚರಂಡಿಯ ಪಕ್ಕ ಬಾವುಟ ಬಿದ್ದದ್ದಕ್ಕೆ ಕಾರಣ ಬೇರೆ. ಹನ್ನೆರಡು ಮಕ್ಕಳು ತಲೆಗೆ ಐದಾರರಂತೆ ಮಾಡಿದರೆ ಎಪ್ಪತ್ತು ಬಾವುಟವಾಗುತ್ತವೆ, ಅಷ್ಟನ್ನೂ ಜೋಪಾನ ಮಾಡಲು ಯಾರಿಗೂ ಆಗುವುದಿಲ್ಲ. ಆದ್ದರಿಂದ ನಮ್ಮ ಸಲಹೆ ಇಷ್ಟು: ಪ್ರತಿ ಮಗು ಒಂದೇ ಒಂದು ಬಾವುಟ ಮಾಡಲಿ, ಅದನ್ನು ಅಳತೆ ತಪ್ಪದೆ ಮಾಡಲಿ. ಉಳಿದ ಎಲ್ಲ ಕೈಕೆಲಸದಲ್ಲಿ ಕೇಸರಿ, ಬಿಳಿ, ಹಸಿರು ಇರಲಿ, ಆದರೆ ಅಶೋಕ ಚಕ್ರ ಬೇಡ, ಬಾವುಟದ ಆಕಾರವೂ ಬೇಡ. ಆಗ ಗಿರಿಗಿಟ್ಲೆ ಮುರಿದರೆ ಅದು ಮುರಿದ ಗಿರಿಗಿಟ್ಲೆ ಅಷ್ಟೇ, ಯಾರ ಮನಸ್ಸೂ ನೋಯುವುದಿಲ್ಲ.

ಇದಕ್ಕೆ ಧ್ವಜ ಸಂಹಿತೆಯ ಆಧಾರವೂ ಇದೆ. 2002ರ ಜನವರಿ 26ರಿಂದ ಜಾರಿಯಲ್ಲಿರುವ ಭಾರತದ ಧ್ವಜ ಸಂಹಿತೆಯ ಪ್ರಕಾರ ರಾಷ್ಟ್ರೀಯ, ಸಾಂಸ್ಕೃತಿಕ, ಕ್ರೀಡಾ ಸಂದರ್ಭಗಳಲ್ಲಿ ಜನರು ಕಾಗದದ ಬಾವುಟ ಬೀಸಬಹುದು. ಆದರೆ ಮುಗಿದ ಮೇಲೆ ಅದನ್ನು ನೆಲಕ್ಕೆ ಎಸೆಯುವಂತಿಲ್ಲ. ಬಾವುಟವನ್ನು ತೋರಣದಂತೆ, ಅಲಂಕಾರದ ಹೂವಿನಂತೆ, ಬಂಟಿಂಗ್ಸ್‌ನಂತೆ ಬಳಸುವುದೂ ಸಲ್ಲ. ದಾರಕ್ಕೆ ಸಾಲಾಗಿ ಪುಟ್ಟ ಬಾವುಟ ಅಂಟಿಸಿ ಬೀದಿಗೆ ಅಡ್ಡ ಕಟ್ಟುವುದು ಎಲ್ಲೆಡೆ ಕಾಣುವ ರೂಢಿ, ಸಂಹಿತೆ ಬೇಡವೆನ್ನುವುದು ಅದನ್ನೇ. ಬಾವುಟದ ಮೇಲೆ ಅಕ್ಷರ ಬರೆಯುವಂತಿಲ್ಲ. ಮಗುವಿನ ಹೆಸರು, ‘ಜೈ ಹಿಂದ್’, ಬಡಾವಣೆಯ ಹೆಸರು, ಯಾವುದೂ ಬೇಡ.

ಸಾಮಾನು ತರುವಾಗ ಇನ್ನೊಂದು ವಿಷಯ ನೆನಪಿಡಿ. ಪ್ಲಾಸ್ಟಿಕ್ ಬಾವುಟ, ಅಲಂಕಾರದ ಥರ್ಮೋಕೋಲ್, ಬಲೂನಿನ ಪ್ಲಾಸ್ಟಿಕ್ ಕಡ್ಡಿ ಇವೆಲ್ಲ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾಗಿವೆ. ಅಂಗಡಿಯಲ್ಲಿ ಸಿಕ್ಕರೂ ಕೊಳ್ಳಬೇಡಿ.

ಎರಡು ಸಂಜೆ ಎಂದರೆ ಆಗಸ್ಟ್ 13 ಮತ್ತು 14 ಎಂದುಕೊಂಡಿದ್ದರೆ 12 ಮತ್ತು 13ಕ್ಕೆ ಬದಲಿಸಿಕೊಳ್ಳಿ. ಮಲೆನಾಡಿನ ಆಗಸ್ಟ್‌ನಲ್ಲಿ ಗಾಳಿಯಲ್ಲೇ ತೇವ. ಬೇಸಿಗೆಯಲ್ಲಿ ಅರ್ಧ ಗಂಟೆಗೆ ಒಣಗುವ ಅಂಟು ಆಗ ಒಂದು ರಾತ್ರಿ ತೆಗೆದುಕೊಳ್ಳುತ್ತದೆ. 14 ಪೂರ್ತಿ ಒಣಗಲು ಇರಲಿ. ಒಣಗಿಸುವುದೂ ಹೊರಗಲ್ಲ, ಒಳಗೆ, ಫ್ಯಾನಿನ ಕೆಳಗೆ, ಒಂದರ ಮೇಲೊಂದು ಇಡದೆ.

ಬಣ್ಣದ ವಿಷಯಕ್ಕೆ ಬರೋಣ. ಕ್ರೇಪ್ ಪೇಪರಿನ ಬಣ್ಣ ಒದ್ದೆ ಬೆರಳು ತಗುಲಿದರೂ ಬಿಡುತ್ತದೆ. ಸ್ಕೆಚ್ ಪೆನ್ನಿನ ಶಾಯಿಗೆ ನೀರೇ ಆಧಾರ, ನೀರು ಬಿದ್ದರೆ ಹರಿಯುವುದು ಅದರ ಗುಣ. ಜೆಲ್ ಪೆನ್ನೂ ಬೇಡ, ತೇವಕ್ಕೆ ಬೇಗ ಒಣಗದೆ ಮಗುವಿನ ಅಂಗೈ ಎಲ್ಲಿ ಹೋದರೆ ಅಲ್ಲೆಲ್ಲ ನೀಲಿ ಮೆತ್ತುತ್ತದೆ. ನಿಮಗೆ ಬೇಕಾದದ್ದು ಮೇಣದ ಕ್ರೆಯಾನ್ ಮತ್ತು ನೀಲಿ ಬಾಲ್ ಪೆನ್ನು. ಮೇಣದ ಮೇಲೆ ನೀರು ನಿಲ್ಲದೆ ಜಾರುತ್ತದೆ, ಬಾಲ್ ಪೆನ್ನಿನ ಶಾಯಿ ಎಣ್ಣೆಯದ್ದಾದ್ದರಿಂದ ತುಂತುರಿಗೆ ಇಳಿಯುವುದಿಲ್ಲ. ಆಯಿಲ್ ಪೇಸ್ಟಲ್ ಕ್ರೆಯಾನಿನಂತೆಯೇ ಕಂಡರೂ ಬೆರಳಿಗೆ, ಬಟ್ಟೆಗೆ ಹತ್ತುತ್ತದೆ, ಅದನ್ನು ಬಿಡಿ. ಬ್ಯಾಡ್ಜಿಗೆ, ಸರಪಳಿಗೆ ಎರಡೂ ಕಡೆ ಬಣ್ಣವಿರುವ ಎ4 ಬಣ್ಣದ ಹಾಳೆ ಒಳ್ಳೆಯದು. ಹೊಳೆಯುವ ಗ್ಲೇಸ್ ಪೇಪರಿಗೆ ಒಂದೇ ಕಡೆ ಬಣ್ಣ, ಮೇಲಾಗಿ ಹಸಿ ಅಂಟಿಗೆ ಸುರುಳಿ ಸುತ್ತಿಕೊಳ್ಳುತ್ತದೆ.

ಅಂಟನ್ನು ಮನೆಯಲ್ಲೇ ಕಾಯಿಸಬಹುದು. ನಾಲ್ಕು ದೊಡ್ಡ ಚಮಚ ಮೈದಾವನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ. ಒಂದೂವರೆ ಲೋಟ ನೀರು ಕುದಿಸಿ, ಉರಿ ಸಣ್ಣ ಮಾಡಿ, ಕದಡಿದ ಮೈದಾವನ್ನು ಸುರಿಯುತ್ತಾ ಕೈ ಬಿಡದೆ ತಿರುವಿ. ಮೂರು ನಾಲ್ಕು ನಿಮಿಷದಲ್ಲಿ ಬಿಳಿ ಬಣ್ಣ ಹೋಗಿ ಗಂಜಿಯಂತೆ ಪಾರಕವಾಗುತ್ತದೆ. ಅಷ್ಟಾದರೆ ಇಳಿಸಿ ಆರಿಸಿ. ಬಿಳಿಯಾಗಿರುವಾಗಲೇ ಇಳಿಸಿದರೆ ಹಿಟ್ಟು ಬೆಂದಿರುವುದಿಲ್ಲ, ಒಣಗಿದ ಮೇಲೆ ಪುಡಿಯಾಗಿ ಉದುರುತ್ತದೆ. ಈ ಅಂಟು ಎರಡು ದಿನ ಚೆನ್ನಾಗಿರುತ್ತದೆ, ಮೂರನೆಯ ದಿನ ಹುಳಿ ವಾಸನೆ ಬರುತ್ತದೆ. ಕೆಡದಿರಲಿ, ಹುಳ ಹಿಡಿಯದಿರಲಿ ಎಂದು ಹಿಂದೆ ಇದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಬೆರಳು ಬಾಯಿಗಿಡುವ ಮಕ್ಕಳಿರುವಲ್ಲಿ ಖಂಡಿತ ಬೇಡ. ಫೆವಿಕಾಲ್ ಬಳಸುವುದಾದರೆ ಹನಿ ಹನಿಯಾಗಿ ಹಾಕಿ ಬೆರಳಿನಿಂದ ತೆಳ್ಳಗೆ ಸವರಿಸಿ. ಹೆಚ್ಚಾದಷ್ಟೂ ಕಾಗದ ಸುಕ್ಕಾಗುತ್ತದೆ, ಒಣಗುವುದೂ ತಡ.

ಈಗ ಬಾವುಟ. ಉದ್ದ ಮತ್ತು ಎತ್ತರದ ಪ್ರಮಾಣ 3:2. ಮಾನದಂಡದಲ್ಲಿ ಮೇಜಿನ ಮೇಲಿಡುವ ಬಾವುಟ 15x10 ಸೆಂ.ಮೀ., ಆದರೆ 10ನ್ನು ಮೂರು ಸಮಭಾಗ ಮಾಡುವುದು ಮಕ್ಕಳಿಗೆ ಕಷ್ಟ. 18x12 ತೆಗೆದುಕೊಳ್ಳಿ. ಆಗ ಪ್ರತಿ ಪಟ್ಟಿ ಸರಿಯಾಗಿ 4 ಸೆಂ.ಮೀ. ಕಡ್ಡಿಗೆ ಸುತ್ತಲು ಎಡಗಡೆ 2 ಸೆಂ.ಮೀ. ಹೆಚ್ಚುವರಿ ಬಿಡಿ. ಅಂದರೆ 20x12 ಸೆಂ.ಮೀ.ನ ತುಂಡು, ಒಂದು ಎ4 ಬಿಳಿ ಹಾಳೆಯಲ್ಲಿ ಎರಡು ಬರುತ್ತವೆ. ಹನ್ನೆರಡು ಮಕ್ಕಳಿಗೆ ಆರು ಹಾಳೆ, ಕೈತಪ್ಪಿಗೆ ಇನ್ನೆರಡು.

ಎಡ ಅಂಚಿನಲ್ಲೂ ಬಲ ಅಂಚಿನಲ್ಲೂ 4 ಮತ್ತು 8 ಸೆಂ.ಮೀ.ಗೆ ಚುಕ್ಕೆ ಇಟ್ಟು ಗೆರೆ ಎಳೆಯಬೇಕು. ಮಕ್ಕಳು ಒಂದೇ ಕಡೆ ಅಳೆದು ಸ್ಕೇಲಿಟ್ಟು ಎಳೆದುಬಿಡುತ್ತಾರೆ, ಪಟ್ಟಿ ಓರೆಯಾಗುವುದು ಅಲ್ಲೇ. ಮೇಲಿನ ಪಟ್ಟಿಗೆ ಕೇಸರಿ, ಕೆಳಗಿನದಕ್ಕೆ ಹಸಿರು. ಡಬ್ಬಿಯಲ್ಲಿ ಕೇಸರಿ ಇಲ್ಲವೆಂದರೆ ಮೊದಲು ಹಳದಿ, ಮೇಲೆ ಕಿತ್ತಳೆ ಹಚ್ಚಿಸಿ. ಕೆಂಪಿನತ್ತ ಹೋಗಬಾರದು. ನಡುವಿನ ಪಟ್ಟಿಗೆ ಬಿಳಿ ಕ್ರೆಯಾನ್ ಹಚ್ಚಲು ಮಕ್ಕಳಿಗೆ ತುಂಬಾ ಆಸೆಯಿರುತ್ತದೆ, ಬಿಡಬೇಡಿ. ಮೇಣದ ಮೇಲೆ ಬಾಲ್ ಪೆನ್ನು ಜಾರಿ ಚಕ್ರದ ಗೆರೆಗಳು ಮೂಡುವುದೇ ಇಲ್ಲ. ಆ ಭಾಗ ಖಾಲಿ ಕಾಗದವಾಗಿಯೇ ಉಳಿಯಲಿ.

ಚಕ್ರ ಎಲ್ಲರೂ ಎಡವುವ ಜಾಗ. 24 ಗೆರೆಗಳಿರಬೇಕು, ಮಕ್ಕಳ ಚಿತ್ರದಲ್ಲಿ ಎಂಟು, ಹನ್ನೆರಡು, ಹದಿನೇಳು ಏನು ಬೇಕಾದರೂ ಇರುತ್ತವೆ. ಬಿಳಿ ಪಟ್ಟಿ 4 ಸೆಂ.ಮೀ. ಇರುವಾಗ ಚಕ್ರದ ಅಡ್ಡಳತೆ 3 ಸೆಂ.ಮೀ. ಇಡಿ. ಮೊದಲು ದೊಡ್ಡವರೊಬ್ಬರು ಬೇರೆ ಹಾಳೆಯಲ್ಲಿ ಒಂದು ಮಾದರಿ ಮಾಡಿಕೊಳ್ಳಿ: ಕೈವಾರದಿಂದ 1.5 ಸೆಂ.ಮೀ. ತ್ರಿಜ್ಯದ ವೃತ್ತ, ಕೋನಮಾಪಕವಿಟ್ಟು ಪ್ರತಿ 15 ಡಿಗ್ರಿಗೆ ಒಂದು ಚುಕ್ಕೆ, ಎದುರುಬದುರಾದ ಚುಕ್ಕೆಗಳನ್ನು ಕೂಡಿಸಿ ಕೇಂದ್ರದ ಮೂಲಕ ಹಾಯುವ ಗೆರೆ. ಹನ್ನೆರಡು ಗೆರೆ ಎಳೆದರೆ 24 ಆಗುತ್ತವೆ. ಇದನ್ನು ದಪ್ಪ ಕಪ್ಪು ಶಾಯಿಯಲ್ಲಿ ತಿದ್ದಿ. ಬಾವುಟದ ತುಂಡಿನಲ್ಲಿ ಬಿಳಿ ಪಟ್ಟಿಯ ನಡುಮಧ್ಯೆ, ಸುತ್ತುವ 2 ಸೆಂ.ಮೀ. ಬಿಟ್ಟು ಲೆಕ್ಕ ಹಾಕಿ, ಚುಕ್ಕೆ ಇಡಿಸಿ. ಮಾದರಿಯ ಕೇಂದ್ರದ ಮೇಲೆ ಆ ಚುಕ್ಕೆ ಕೂರುವಂತೆ ಹಾಳೆ ಹೊಂದಿಸಿದರೆ 75 ಅಥವಾ 80 ಜಿಎಸ್‌ಎಂ ಕಾಗದದಲ್ಲಿ (ಸಾಮಾನ್ಯ ಜೆರಾಕ್ಸ್ ಹಾಳೆಯ ದಪ್ಪ) ಕೆಳಗಿನ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಆರು ವರ್ಷದ ಮಗುವೂ ಅದರ ಮೇಲೆ ಪೆನ್ನು ಆಡಿಸಬಲ್ಲದು. ಅದಕ್ಕಾಗಿಯೇ ದಪ್ಪ ಡ್ರಾಯಿಂಗ್ ಶೀಟ್ ಬೇಡ ಎನ್ನುವುದು. ಸಂಜೆಯ ಮಬ್ಬಿನಲ್ಲಿ ಕಾಣದಿದ್ದರೆ ಗಾಜಿನ ಟೀಪಾಯಿಯ ಕೆಳಗೆ ಮೊಬೈಲ್ ಟಾರ್ಚ್ ಹಚ್ಚಿಡಿ.

ಚಕ್ರ ಎರಡೂ ಬದಿಗೆ ಇರಬೇಕು. ಕೇಂದ್ರದ ಚುಕ್ಕೆಗೆ ಗುಂಡುಪಿನ್ನು ಚುಚ್ಚಿದರೆ ಹಿಂಬದಿಯ ಕೇಂದ್ರ ಸಿಕ್ಕಿತು, ಅದೇ ಮಾದರಿಯ ಮೇಲೆ ಮಗುಚಿಟ್ಟು ಇನ್ನೊಮ್ಮೆ ತಿದ್ದುವುದು. ಬಣ್ಣವೂ ಹಿಂದೆ ಮುಂದೆ ಎರಡೂ ಕಡೆ. ಹಾಳೆ ಮಗುಚುವಾಗ ಪುಸ್ತಕದ ಪುಟದಂತೆ ಪಕ್ಕಕ್ಕೆ ಮಗುಚಬೇಕು. ಕೆಳಗಿನಿಂದ ಮೇಲಕ್ಕೆ ಮಗುಚಿದರೆ ಹಿಂಬದಿಯಲ್ಲಿ ಹಸಿರು ಮೇಲಾಗುತ್ತದೆ. ಸುತ್ತುವ ಅಂಚಿನಲ್ಲಿ ಮೇಲ್ಮುಖವಾಗಿ ಒಂದು ಬಾಣದ ಗುರುತು ಹಾಕಿಸಿ. ಕಡ್ಡಿಗೆ ಸುತ್ತಿದ ಮೇಲೆ ಅದು ಕಾಣುವುದಿಲ್ಲ, ಆದರೆ ತಲೆಕೆಳಗಾಗಿ ಅಂಟಿಸುವ ತಪ್ಪು ಆಗುವುದಿಲ್ಲ.

ಕಡ್ಡಿಗೆ ತೆಂಗಿನ ಗರಿಯ ಕಡ್ಡಿ ಒಂದೇ ಆದರೆ ಬಳುಕುತ್ತದೆ, ಮೂರು ಸೇರಿಸಿ ದಾರ ಸುತ್ತಬೇಕು. ತುದಿ ಚೂಪಾದ್ದರಿಂದ ಓಡಾಡುವ ಚಿಕ್ಕವರ ಕೈಗೆ ಅದು ಅಷ್ಟು ಒಳ್ಳೆಯದಲ್ಲ. ಹಳೆಯ ದಿನಪತ್ರಿಕೆಯ ಅರ್ಧ ಹಾಳೆಯನ್ನು ಒಂದು ಮೂಲೆಯಿಂದ ಓರೆಯಾಗಿ, ಬಿಗಿಯಾಗಿ ಸುರುಳಿ ಸುತ್ತಿ ಕೊನೆಯ ಮೂಲೆಗೆ ಮೈದಾ ಅಂಟು ಹಚ್ಚಿ. ರಾತ್ರಿ ಒಣಗಿದರೆ ಗಟ್ಟಿ ಕೋಲಾಗುತ್ತದೆ, ಚುಚ್ಚುವುದೂ ಇಲ್ಲ. ಎರಡು ತುದಿಯ ಮೆತ್ತನೆ ಭಾಗ ಕತ್ತರಿಸಿ 30 ಸೆಂ.ಮೀ.ಗೆ ಇಳಿಸಿಕೊಳ್ಳಿ. ಸುತ್ತುವಾಗ ಸಡಿಲ ಬಿಟ್ಟರೆ ಕೋಲು ಟೊಳ್ಳಾಗಿ ನಡುವೆ ಮಡಿಯುತ್ತದೆ. ಮೊದಲ ಎರಡು ಸುತ್ತು ದೊಡ್ಡವರು ಬಿಗಿಯಾಗಿ ಹಾಕಿಕೊಟ್ಟರೆ ಉಳಿದದ್ದನ್ನು ಮಕ್ಕಳೇ ಸುತ್ತುತ್ತಾರೆ.

ಇಷ್ಟೆಲ್ಲ ಅಳತೆ ಏಕೆ ಎಂದು ದೊಡ್ಡ ಮಕ್ಕಳು ಕೇಳಿದರೆ ಹುಬ್ಬಳ್ಳಿಯ ಬೆಂಗೇರಿಯ ಕಥೆ ಹೇಳಿ. ಅಲ್ಲಿ 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜಗಳನ್ನು ತಯಾರಿಸುತ್ತದೆ. ಭಾರತೀಯ ಮಾನಕ ಬ್ಯೂರೋ ಹೇಳಿದ ಅಳತೆ, ಬಣ್ಣ, ನೂಲು ಎಲ್ಲವೂ ಹೊಂದಬೇಕು, ಚಕ್ರ ಎರಡೂ ಬದಿಯಲ್ಲಿ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಧಾರವಾಡದ ಬಳಿಯ ಗರಗದ ನೇಕಾರರಿಗೂ ಬಾವುಟದ ಖಾದಿಯ ದೊಡ್ಡ ಹೆಸರಿದೆ. ತಮ್ಮ ರಾಜ್ಯದಲ್ಲೇ ಈ ಕೆಲಸ ನಡೆಯುತ್ತದೆ ಎಂದು ತಿಳಿದ ಮಗು ತನ್ನ 3 ಸೆಂ.ಮೀ. ಚಕ್ರವನ್ನು ಇನ್ನಷ್ಟು ಗಮನವಿಟ್ಟು ತಿದ್ದುತ್ತದೆ.

ನಾಲ್ಕೈದು ವರ್ಷದವರಿಗೆ ಬಾವುಟದಲ್ಲಿ ಬಣ್ಣ ತುಂಬುವುದಷ್ಟೇ ಸಾಕು, ಗೆರೆ, ಚಕ್ರ, ಅಂಟು ಅಣ್ಣ ಅಕ್ಕಂದಿರದ್ದು. ಅವರಿಗೆಂದೇ ಬೇರೆ ಕೆಲಸ ಕೊಡಿ: ಬೆಂಡೆಕಾಯಿ ಅಚ್ಚಿನ ಶುಭಾಶಯ ಪತ್ರ. ಬಲಿತ ಬೆಂಡೆಕಾಯಿಯ ತೊಟ್ಟಿನ ಕಡೆ 4 ಸೆಂ.ಮೀ. ಬಿಟ್ಟು ಅಡ್ಡಕ್ಕೆ ಕತ್ತರಿಸಿದರೆ ಐದೆಸಳಿನ ಹೂವಿನ ಅಚ್ಚು, ತೊಟ್ಟೇ ಹಿಡಿ. ಕತ್ತರಿಸಿದ ಮುಖವನ್ನು ಬಟ್ಟೆಯ ಮೇಲೆ ಒತ್ತಿ ಲೋಳೆ ಒರೆಸಿ ಹತ್ತು ನಿಮಿಷ ಬಿಡಿ, ಇಲ್ಲವಾದರೆ ಬಣ್ಣ ಹಿಡಿಯದೆ ಜಾರುತ್ತದೆ. ತಟ್ಟೆಯಲ್ಲಿ ಬಣ್ಣ ಸುರಿದು ಅದ್ದಲು ಕೊಟ್ಟರೆ ಹೂವಿನ ಬದಲು ಮುದ್ದೆ ಬೀಳುತ್ತದೆ. ಸ್ಪಂಜಿನ ತುಂಡಿಗೆ ಗಟ್ಟಿ ಪೋಸ್ಟರ್ ಬಣ್ಣ ಹೀರಿಸಿ, ಅದರ ಮೇಲೆ ಅಚ್ಚು ಒತ್ತಿ, ಆಮೇಲೆ ಕಾಗದಕ್ಕೆ ಒತ್ತುವುದು. ಕೇಸರಿ ಹೂವು, ಹಸಿರು ಎಲೆ, ನಡುವೆ ಹಾಳೆಯ ಬಿಳಿ. ಅಂಗಡಿಯ ಬಣ್ಣದ ಬದಲು ಆರತಿಗೆ ಕದಡುವ ಓಕುಳಿಯ ಅರಿಶಿನವನ್ನೂ ಪ್ರಯತ್ನಿಸಬಹುದು. ಅರಿಶಿನದ ನೀರಿಗೆ ಸುಣ್ಣ ಚಿಟಿಕೆಗಿಂತ ಕಡಿಮೆ ಬಿದ್ದರೆ ಕೇಸರಿಯತ್ತ, ಹೆಚ್ಚಾದರೆ ಕೆಂಪಿಗೆ ತಿರುಗುತ್ತದೆ. ಸುಣ್ಣ ದೊಡ್ಡವರೇ ಹಾಕಬೇಕು, ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಈ ಬಣ್ಣ ಬಿಸಿಲಿಗೆ ಕೆಲವೇ ದಿನದಲ್ಲಿ ಮಾಸುವುದರಿಂದ ಪತ್ರಕ್ಕೆ ಆದೀತು, ಬಾವುಟಕ್ಕೆ ಬೇಡ.

ಆರರಿಂದ ಎಂಟು ವರ್ಷದವರಿಗೆ ಗಿರಿಗಿಟ್ಲೆಯಷ್ಟು ಸಂತೋಷ ಕೊಡುವ ವಸ್ತು ಇನ್ನೊಂದಿಲ್ಲ. 15 ಸೆಂ.ಮೀ. ಚೌಕದ ಬಿಳಿ ಹಾಳೆ, ಡ್ರಾಯಿಂಗ್ ಶೀಟಿನಷ್ಟು ದಪ್ಪ ಬೇಡ. ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದರೆ ನಾಲ್ಕು ತ್ರಿಕೋನ. ಒಂದು ಮುಖದಲ್ಲಿ ಮಾತ್ರ ಎದುರುಬದುರಿನ ಎರಡಕ್ಕೆ ಕೇಸರಿ, ಉಳಿದೆರಡಕ್ಕೆ ಹಸಿರು ಹಚ್ಚಿಸಿ, ಹಿಂಬದಿ ಬಿಳಿಯಾಗಿಯೇ ಇರಲಿ. ಗೆರೆಗಳ ಮೇಲೆ ಮೂಲೆಯಿಂದ ಕತ್ತರಿಸುತ್ತಾ ಕೇಂದ್ರಕ್ಕೆ 2 ಸೆಂ.ಮೀ. ಇರುವಾಗ ನಿಲ್ಲಿಸಬೇಕು. ಬಣ್ಣದ ಮುಖ ಮೇಲಿಟ್ಟು ಪ್ರತಿ ತ್ರಿಕೋನದ ಒಂದೊಂದು ಮೂಲೆಯನ್ನು ಕೇಂದ್ರಕ್ಕೆ ಬಾಗಿಸಿದಾಗ ಹಿಂಬದಿಯ ಬಿಳಿ ಹೊರಳಿ ಮೇಲೆ ಬರುತ್ತದೆ, ಕೇಸರಿ, ಬಿಳಿ, ಹಸಿರು, ಬಿಳಿ ಎಂದು ತಾನೇ ಹೊಂದಿಕೊಳ್ಳುತ್ತದೆ. ಎಲ್ಲ ಎಸಳಲ್ಲೂ ಒಂದೇ ಕಡೆಯ ಮೂಲೆ ಬಾಗಬೇಕು, ಒಂದು ಎಡದ್ದು ಒಂದು ಬಲದ್ದು ಆದರೆ ತಿರುಗುವುದಿಲ್ಲ. ಮೂಲೆಗಳನ್ನು ಮಡಿಸಿ ಒತ್ತಬಾರದು, ಗಾಳಿ ತುಂಬುವ ಹೊಟ್ಟೆ ಇರಲೇಬೇಕು.

ಗುಂಡುಪಿನ್ನಿನ ತಲೆಯ ಕಡೆಯಿಂದ ಕ್ರಮ ಹೀಗೆ: ಒಂದು ಮಣಿ, ಗಿರಿಗಿಟ್ಲೆ, ಇನ್ನೊಂದು ಮಣಿ, ಆಮೇಲೆ ಕೋಲು. ಹಿಂದಿನ ಮಣಿ ಇಲ್ಲದಿದ್ದರೆ ಎಸಳುಗಳು ಕೋಲಿಗೆ ಉಜ್ಜಿ ನಿಂತುಹೋಗುತ್ತವೆ, ‘ತಿರುಗುತ್ತಿಲ್ಲ’ ಎಂಬ ದೂರಿಗೆ ಹೆಚ್ಚಿನ ಸಲ ಇದೇ ಕಾರಣ. ಇನ್ನೊಂದು ಕಾರಣ ತೂತು ಬಿಗಿಯಾಗಿರುವುದು. ಪಿನ್ನು ಚುಚ್ಚಿದ ಮೇಲೆ ಅದನ್ನು ಸುತ್ತ ಆಡಿಸಿ ತೂತನ್ನು ಸ್ವಲ್ಪ ಸಡಿಲ ಮಾಡಿ. ಪತ್ರಿಕೆಯ ಕೋಲಿನ ಆಚೆ ಬರುವ ಪಿನ್ನಿನ ಮೊನೆಯನ್ನು ಇಕ್ಕಳದಿಂದ ಬಗ್ಗಿಸಿ ಎರಡು ಸುತ್ತು ಟೇಪ್ ಹಾಕುವುದು ದೊಡ್ಡವರ ಕೆಲಸ, ಮಕ್ಕಳಿಗೆ ಬಿಡಬೇಡಿ. ನಡುವೆ ನೀಲಿ ಮಣಿ ಹಾಕಿದರೆ ಅಂದ, ಚಕ್ರ ಬಿಡಿಸುವುದು ಬೇಡ.

ಎದೆಗೆ ಸಿಕ್ಕಿಸುವ ಬ್ಯಾಡ್ಜಿಗೆ ಒಂದು ಸೂತ್ರ ಗೊತ್ತಿದ್ದರೆ ಸಾಕು: ಪಟ್ಟಿಯ ಉದ್ದ ಅದರ ಅಗಲದ ಹತ್ತರಷ್ಟು. ಕೇಸರಿ 3x30, ಬಿಳಿ 2.2x22, ಹಸಿರು 1.5x15 ಸೆಂ.ಮೀ. (ಎ4 ಹಾಳೆಯ ಉದ್ದ 29.7, ಅದನ್ನೇ 30 ಎಂದುಕೊಳ್ಳಿ.) ಸೀರೆಯ ನೆರಿಗೆಯಂತೆ ಹಿಂದೆ ಮುಂದೆ ಮಡಿಸುತ್ತಾ ಹೋಗಿ, ದೊಡ್ಡದಕ್ಕೆ 1 ಸೆಂ.ಮೀ., ಚಿಕ್ಕದಕ್ಕೆ ಅರ್ಧ ಸೆಂ.ಮೀ. ನೆರಿಗೆ. ಎರಡು ತುದಿ ಸೇರಿಸಿ ಅಂಟಿಸಿ ಬಳೆಯಂತಾದ ಮೇಲೆ ಮೇಲಂಚನ್ನು ಒಳಕ್ಕೆ ತಳ್ಳಿ ಚಪ್ಪಟೆ ಮಾಡಿದರೆ ಹೂವು ಅರಳುತ್ತದೆ. ಉದ್ದ ಏಳರಷ್ಟಕ್ಕಿಂತ ಕಡಿಮೆಯಾದರೆ ಹೂವು ಚಪ್ಪಟೆಯಾಗದೆ ಅಂಚು ಹರಿಯುತ್ತದೆ, ವೃತ್ತದ ಸುತ್ತಳತೆ ತ್ರಿಜ್ಯದ ಆರೂಕಾಲರಷ್ಟಕ್ಕಿಂತ ತುಸು ಹೆಚ್ಚಿರುವುದೇ ಕಾರಣ. ಚಪ್ಪಟೆ ಮಾಡಿದ ತಕ್ಷಣ ಹಿಂದೆ ಒಂದು ದುಂಡನೆಯ ರಟ್ಟು ಅಂಟಿಸಿ ಭಾರವಾದ ಪುಸ್ತಕವಿಡಿ, ಇಲ್ಲವಾದರೆ ನೆರಿಗೆಗಳು ಮತ್ತೆ ಎದ್ದು ನಿಲ್ಲುತ್ತವೆ. ಹನ್ನೆರಡು ಬ್ಯಾಡ್ಜಿಗೆ ಕೇಸರಿ ಎರಡು ಹಾಳೆ, ಬಿಳಿ ಎರಡು, ಹಸಿರು ಒಂದು ಸಾಕು. ಆರು ದಾಟಿದವರಿಗೆ ಹಿಂದೆ ಸೇಫ್ಟಿ ಪಿನ್ನು, ಚಿಕ್ಕವರಿಗೆ ದಾರದ ಕುಣಿಕೆ ಮಾಡಿ ಅಂಗಿಯ ಗುಂಡಿಗೆ ಸಿಕ್ಕಿಸಿ.

ಬೀದಿಗೆ ಕಟ್ಟುವ ಬಾವುಟದ ಸಾಲಿನ ಬದಲು ಕಾಗದದ ಸರಪಳಿ ಮಾಡಿ. ಎ4 ಹಾಳೆಯನ್ನು ಅಡ್ಡಕ್ಕೆ 3.3 ಸೆಂ.ಮೀ. ಅಗಲದ ಒಂಬತ್ತು ಪಟ್ಟಿಯಾಗಿಸಿ, 2 ಸೆಂ.ಮೀ. ಮೇಲುಮೇಲೆ ಬರುವಂತೆ ಅಂಟಿಸಿ ಕೊಂಡಿ ಮಾಡುವುದು. ಒಂದು ಮೀಟರಿಗೆ ಸುಮಾರು 17 ಕೊಂಡಿ. 5 ಮೀಟರಿಗೆ ಪ್ರತಿ ಬಣ್ಣದ ನಾಲ್ಕು ಹಾಳೆ ತೆಗೆದಿಟ್ಟರೆ ಮಿಗುತ್ತದೆ. ಇದು ಮಳೆಗೆ ನಿಲ್ಲುವ ವಸ್ತುವಲ್ಲ, ಜಗಲಿಗೋ ಶಾಮಿಯಾನದ ಒಳಗೋ ಕಟ್ಟಿ.

ಇನ್ನು ಒಂಬತ್ತರಿಂದ ಹನ್ನೊಂದರವರು. ಬಣ್ಣ ತುಂಬುವ ಕೆಲಸಕ್ಕೆ ಅವರು ಬೇಗ ಬೇಸರಪಡುತ್ತಾರೆ. ಅವರಿಗೆ ತಿರುಗುವ ಚರಕ ಕೊಡಿ. 1931ರಲ್ಲಿ ಕಾಂಗ್ರೆಸ್ ಒಪ್ಪಿದ ತ್ರಿವರ್ಣದ ನಡುವೆ ಇದ್ದದ್ದು ಚರಕ. 1947ರ ಜುಲೈ 22ರಂದು ಸಂವಿಧಾನ ರಚನಾ ಸಭೆ ಇಂದಿನ ಬಾವುಟವನ್ನು ಅಂಗೀಕರಿಸಿದಾಗ ಆ ಜಾಗಕ್ಕೆ ಅಶೋಕನ ಚಕ್ರ ಬಂತು. ಬಾವುಟ ಮಾಡಿದ ಕೈ ಚರಕವನ್ನೂ ಮಾಡುವುದು ಚೆಂದ.

ಬೇಕಾದದ್ದು ಅಂಗಡಿಯ ರಟ್ಟಿನ ಡಬ್ಬ ಒಂದು, ದುಂಡನೆಯ ಪೆನ್ಸಿಲ್ ಒಂದು (ಆರು ಮೂಲೆಯದ್ದು ತೂತಿನಲ್ಲಿ ಗಡಗಡ ಎನ್ನುತ್ತದೆ), ಸಪೂರ ಬಿದಿರಿನ ಕಡ್ಡಿ, ಟೈಲರ್ ಅಂಗಡಿಯ ಎಲಾಸ್ಟಿಕ್ ದಾರ. ರಟ್ಟಿನಲ್ಲಿ 12, 11, 12 ಸೆಂ.ಮೀ. ಅಡ್ಡಳತೆಯ ಮೂರು ಬಿಲ್ಲೆ ಕತ್ತರಿಸಿ, ಚಿಕ್ಕದು ನಡುವೆ ಬರುವಂತೆ ಅಂಟಿಸಿದರೆ ಅಂಚಿನಲ್ಲಿ ದಾರ ಕೂರುವ ಕಾಲುವೆ ಸಿಗುತ್ತದೆ. ಕತ್ತರಿಸುವ ಮೊದಲೇ ಕೇಂದ್ರ ಚುಚ್ಚಿ, ಅದೇ ತೂತಿನಿಂದ ಕೈವಾರ ತಿರುಗಿಸಬೇಕು. ಕತ್ತರಿಸಿದ ಮೇಲೆ ಅಂದಾಜಿನಲ್ಲಿ ತೂತು ಮಾಡಿದ ಚಕ್ರ ಕುಂಟುತ್ತದೆ. ಬಿದಿರಿನ ಕಡ್ಡಿಯ ಮಧ್ಯಕ್ಕೆ ಕಾಗದದ ಪಟ್ಟಿ ಸುತ್ತುತ್ತಾ 1 ಸೆಂ.ಮೀ. ದಪ್ಪಕ್ಕೆ ತನ್ನಿ, ಅದರ ಎರಡು ಬದಿಗೆ ದಾರ ಜಾರದಂತೆ ಪುಟ್ಟ ರಟ್ಟಿನ ಬಿಲ್ಲೆ. ಇದೇ ಕದಿರು, ಚರಕದಲ್ಲಿ ನೂಲಿಗೆ ಹುರಿ ಕೊಡುವ ಕಡ್ಡಿ.

4x15 ಸೆಂ.ಮೀ.ನ ಎರಡು ಪದರದ ನಾಲ್ಕು ಕಂಬ, ಪ್ರತಿಯೊಂದರಲ್ಲೂ 3 ಸೆಂ.ಮೀ. ಮಡಿಸಿ ಪಾದ ಮಾಡಿ. ಪಾದದಿಂದ 8 ಸೆಂ.ಮೀ. ಎತ್ತರಕ್ಕೆ ತೂತು. 30x12 ಸೆಂ.ಮೀ. ಹಲಗೆಯಂಥ ರಟ್ಟಿನ ಮೇಲೆ ಎರಡು ಕಂಬ ಚಕ್ರಕ್ಕೆ, ಎರಡು ಕದಿರಿಗೆ. ಚಕ್ರದ ತೂತಿಗೂ ಕದಿರಿನ ತೂತಿಗೂ ನಡುವಿನ ದೂರ 16 ಸೆಂ.ಮೀ. ಚಕ್ರ ಪೆನ್ಸಿಲ್ಲಿಗೆ ಬಿಗಿಯಾಗಿ ಅಂಟಿರಬೇಕು, ಪೆನ್ಸಿಲ್ ಕಂಬದ ತೂತಿನಲ್ಲಿ ಸಡಿಲವಾಗಿ ತಿರುಗಬೇಕು. ಅಂಟು ಕಂಬದ ತೂತಿಗೆ ಇಳಿದರೆ ಮರುದಿನ ಎಲ್ಲವೂ ಒಂದೇ ತುಂಡು! ಚಕ್ರವನ್ನು ಮೊದಲು ಅಂಟಿಸಿ ಒಣಗಿಸಿ, ಆಮೇಲೆ ಕಂಬಕ್ಕೆ ಏರಿಸಿ. ಪೆನ್ಸಿಲ್ಲಿನ ಹೊರತುದಿಗೆ 6 ಸೆಂ.ಮೀ. ರಟ್ಟಿನ ಹಿಡಿ. ಎಲಾಸ್ಟಿಕ್ಕನ್ನು ಚಕ್ರಕ್ಕೂ ಕದಿರಿಗೂ ಬಳಸಿ ಅಳೆದರೆ ಸುಮಾರು 52 ಸೆಂ.ಮೀ. ಬರುತ್ತದೆ, ಅದಕ್ಕಿಂತ 4 ಸೆಂ.ಮೀ. ಕಡಿಮೆಗೆ ಗಂಟು ಹಾಕಿ. ದಾರ ಪದೇ ಪದೇ ಕಳಚಿ ಬೀಳುತ್ತಿದ್ದರೆ ಚಕ್ರದ ಕಾಲುವೆಯೂ ಕದಿರಿನ ದಪ್ಪ ಭಾಗವೂ ಒಂದೇ ಸಾಲಿನಲ್ಲಿಲ್ಲ ಎಂದರ್ಥ. ತಿರುಗದೆ ಜಾರುತ್ತಿದ್ದರೆ ದಾರವನ್ನು ಎಂಟರ ಆಕಾರದಲ್ಲಿ ನಡುವೆ ಹೆಣೆದು ಹಾಕಿ, ಕದಿರನ್ನು ಹೆಚ್ಚು ಅಪ್ಪಿ ಹಿಡಿಯುತ್ತದೆ.

ಈಗ ಕದಿರಿನ ತುದಿಗೆ ಒಂದು ಬಣ್ಣದ ಕಾಗದದ ಚೂರು ಅಂಟಿಸಿ ಎಣಿಸಲು ಹೇಳಿ. ಚಕ್ರ ಒಂದು ಸುತ್ತು ತಿರುಗಿದರೆ ಕದಿರು ಸುಮಾರು ಹನ್ನೊಂದು ಸುತ್ತು. 11ನ್ನು 1ರಿಂದ ಭಾಗಿಸಿದ ಲೆಕ್ಕವೇ ಅದು. ಕೈ ನಿಧಾನವಾಗಿ ತಿರುಗಿಸಿದರೂ ನೂಲಿಗೆ ಬೇಕಾದ ವೇಗದ ಹುರಿ ಹೇಗೆ ಸಿಗುತ್ತಿತ್ತೆಂದು ಯಾರೂ ಹೇಳಿಕೊಡದೆ ಅವರಿಗೆ ಗೊತ್ತಾಗುತ್ತದೆ.

ಅಂಟು ಒಣಗುವವರೆಗೆ ಮಕ್ಕಳನ್ನು ಕೂರಿಸಿಕೊಳ್ಳಲು ನಿಮ್ಮ ಜಿಲ್ಲೆಯಲ್ಲೇ ಮಾತಿದೆ. ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತನ್ನನ್ನು ಸ್ವತಂತ್ರ ಎಂದು ಸಾರಿಕೊಂಡು, ಬಾಲಕರನ್ನೇ ಅಮಲ್ದಾರ (ತಾಲ್ಲೂಕಿನ ಅಧಿಕಾರಿ), ಸಬ್ ಇನ್ಸ್‌ಪೆಕ್ಟರ್ ಎಂದು ಕೂರಿಸಿತು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಘೋಷಣೆ ಅಲ್ಲಿಯದೇ. ಹತ್ತು ವರ್ಷದ ಮಗು ಇದನ್ನು ಕೇಳುವ ರೀತಿಯೇ ಬೇರೆ.

ಸಮಯ ಮಿಕ್ಕರೆ ಗಾಂಧಿ ಟೋಪಿ: ತಲೆಯ ಸುತ್ತಳತೆಗೆ 2 ಸೆಂ.ಮೀ. ಸೇರಿಸಿದಷ್ಟು ಉದ್ದ, 10 ಸೆಂ.ಮೀ. ಅಗಲದ ಬಿಳಿ ಚಾರ್ಟ್ ಪಟ್ಟಿಯನ್ನು ಬಳೆಯಾಗಿ ಅಂಟಿಸಿ, ಚಪ್ಪಟೆ ಮಾಡಿ, ಮೇಲಂಚನ್ನು 1 ಸೆಂ.ಮೀ. ಒಳಕ್ಕೆ ಮಡಿಸಿ ಕೂಡಿಸುವುದು. ಸ್ಟೇಪ್ಲರ್ ಪಿನ್ನು ಕೂದಲಿಗೆ ಸಿಕ್ಕುತ್ತದೆ, ಅಂಟೇ ಇರಲಿ. ದಿನಪತ್ರಿಕೆಯ ಟೋಪಿ ಬೇಡ, ಬೆವರಿಗೆ ಶಾಯಿ ಹಣೆಗೆ ಇಳಿಯುತ್ತದೆ. ನೆಲದ ಮೇಲೆ ಮೂರು ಬಣ್ಣದ ರಂಗೋಲಿ ಹಾಕುವವರು ಅದರಲ್ಲಿ ಬಾವುಟವನ್ನೂ ಅಶೋಕ ಚಕ್ರವನ್ನೂ ಬಿಡಿಸಬೇಡಿ, ಕಾಲಿನಡಿ ಸಿಕ್ಕುತ್ತದೆ. ಹೂವು, ನವಿಲು ಬಿಡಿಸಿ.

15ರ ಬೆಳಗ್ಗೆ ಬಾವುಟ ಕೈಗೆ ಕೊಡುವಾಗ ಎಣಿಸಿ ಕೊಡಿ. ಧ್ವಜವಂದನೆ, ಸಿಹಿ ಹಂಚಿಕೆ ಮುಗಿದ ಕೂಡಲೇ, ಮಕ್ಕಳು ಆಟಕ್ಕೆ ಚದುರುವ ಮುಂಚೆ, ಎಣಿಸಿ ವಾಪಸು ತೆಗೆದುಕೊಳ್ಳಿ. ಹನ್ನೆರಡು ಕೊಟ್ಟಿದ್ದರೆ ಹನ್ನೆರಡು ಬರಬೇಕು, ಒಂದು ಕಡಿಮೆಯಾದರೆ ಹುಡುಕಲು ಮಕ್ಕಳನ್ನೇ ಕಳುಹಿಸಿ. ಹರಿದದ್ದನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. ಜನರ ಕಣ್ಣಿಗೆ ಬೀಳದ ಕಡೆ, ಇಡಿಯಾಗಿ, ಗೌರವದಿಂದ, ಸಾಧ್ಯವಾದರೆ ಸುಟ್ಟು ವಿಲೇವಾರಿ ಮಾಡಬೇಕೆಂದು ಸಂಹಿತೆ ಹೇಳುತ್ತದೆ. ಸರಿಯಿರುವವನ್ನು ಫ್ಯಾನಿನ ಕೆಳಗೆ ಒಂದು ರಾತ್ರಿ ಒಣಗಿಸಿ, ಮುಚ್ಚಳ ಬಿಗಿಯಾದ ಬಿಸ್ಕೆಟ್ ಟಿನ್ನಿನಲ್ಲಿಡಿ. ಟಿನ್ನಿಗೆ ಹಿಡಿಸುವಂತೆ ಕೋಲು ತೆಗೆದು ಬಾವುಟಗಳನ್ನು ಚಪ್ಪಟೆಯಾಗಿ ಜೋಡಿಸಬಹುದು. ಮೈದಾ ಅಂಟು ಹಸಿಯಿದ್ದರೆ ಬೂಸ್ಟು ಹಿಡಿಯುತ್ತದೆ, ಒಣಗಿದ್ದರೂ ಜಿರಲೆಗೆ ರುಚಿ. ಆದ್ದರಿಂದ ಬಟ್ಟೆಯಲ್ಲಿ ಕಟ್ಟಿದ ಎರಡು ಹಿಡಿ ಒಣಬೇವಿನ ಎಲೆ ಜೊತೆಗಿಡಿ, ಜನವರಿ 26ಕ್ಕೆ ತೆಗೆಯುವ ಮುಂಚೆ ಒಂದು ಸಲವಾದರೂ, ದಸರಾ ರಜೆಯ ಬಿಸಿಲಿಗೆ ಟಿನ್ನು ತೆರೆದು ಗಾಳಿಯಾಡಿಸಿ.